ಹೆಂಚಿನ ಬೆಳಕಿನಲ್ಲಿ ಅಜ್ಜಿಯ ಮುಖ: ಬರೋಕ್ ಭಾವಚಿತ್ರಗಳ ನೆರಳು ಮಸಿಯಾಗದೆ ಉಳಿಯುವುದು ಹೇಗೆ?

ಗಾಜಿನ ಹೆಂಚು, ಕೊಪ್ಪ

ಎಲ್ಲರಿಗೂ ನಮಸ್ಕಾರ. ಏಳೆಂಟು ವರ್ಷಗಳಿಂದ ಬಿಡುವಿನ ವೇಳೆಯಲ್ಲಿ ಎಣ್ಣೆಬಣ್ಣದಲ್ಲಿ ಚಿತ್ರ ಬರೆಯುತ್ತಿದ್ದೇನೆ. ಯಾವ ಶಾಲೆಯಲ್ಲೂ ಕಲಿತವಳಲ್ಲ, ನೋಡಿ ನೋಡಿ ಕಲಿತದ್ದು. ಕಳೆದ ಮಳೆಗಾಲದಿಂದ ನನ್ನ ಅಜ್ಜಿಯ ಭಾವಚಿತ್ರವೊಂದನ್ನು ಬರೆಯುತ್ತಿದ್ದು, ಮೂರನೆಯ ಸಲವೂ ಅದೇ ಜಾಗದಲ್ಲಿ ಎಡವಿರುವುದರಿಂದ ಬಲ್ಲವರನ್ನು ಕೇಳೋಣವೆಂದು ಇಲ್ಲಿಗೆ ಬಂದಿದ್ದೇನೆ.

ನಮ್ಮದು ಹಳೆಯ ಹೆಂಚಿನ ಮನೆ. ನಡುಮನೆಗೆ ಕಿಟಕಿಯಿಲ್ಲ, ಮಾಡಿನಲ್ಲಿ ಕೂರಿಸಿರುವ ಒಂದೇ ಒಂದು ಗಾಜಿನ ಹೆಂಚಿನಿಂದ ಇಳಿಯುವ ಬೆಳಕೇ ಅಲ್ಲಿಯ ಬೆಳಕು. ಬೆಳಗ್ಗೆ ಹತ್ತರ ಹೊತ್ತಿಗೆ ಅಜ್ಜಿ ಅದರಿಂದ ಸ್ವಲ್ಪ ಆಚೆಗೆ ಕುಳಿತು ಅಕ್ಕಿ ಆರಿಸುತ್ತಾರೆ. ಆಗ ಹಣೆಯ ಒಂದು ಪಕ್ಕ, ಮೂಗಿನ ಏಣು, ಮೂಗುಬೊಟ್ಟು, ಕೆನ್ನೆಯ ಮೂಳೆ ಇಷ್ಟು ಮಾತ್ರ ಬೆಳಗಿ, ಮುಖದ ಉಳಿದರ್ಧ ನಡುಮನೆಯ ಕತ್ತಲೆಯೊಳಕ್ಕೆ ಸರಿದುಹೋಗಿರುತ್ತದೆ. ಸರಿದುಹೋಗಿದ್ದರೂ ಅಲ್ಲೊಂದು ಕಣ್ಣಿದೆ, ಆ ಕಣ್ಣು ಮೊರದ ಕಡೆಗೆ ನೋಡುತ್ತಿದೆ ಎಂಬುದು ಎದುರಿಗೆ ಕುಳಿತವರಿಗೆ ತಿಳಿಯುತ್ತದೆ. ನನ್ನ ಚಿತ್ರದಲ್ಲಿ ಆಗದೆ ಉಳಿದಿರುವುದು ಇದೇ. ಬೆಳಕಿನ ಭಾಗ ತಕ್ಕಮಟ್ಟಿಗೆ ಬಂದಿದೆ. ನೆರಳಿನ ಭಾಗ ಮಾತ್ರ ಒಲೆಯ ಹಿಂದಿನ ಗೋಡೆಗೆ ಮಸಿ ಹಿಡಿದಂತೆ ಕಪ್ಪಾಗಿ, ಚಪ್ಪಟೆಯಾಗಿ ಕುಳಿತುಬಿಟ್ಟಿದೆ.

ಹದಿನೇಳನೆಯ ಶತಮಾನದ, ಬರೋಕ್ ಎಂಬ ಶೈಲಿಯ ಡಚ್ ಚಿತ್ರಕಾರ ರೆಂಬ್ರಾಂಟ್ ತನ್ನ ಇಪ್ಪತ್ತೆರಡರ ಆಸುಪಾಸಿನಲ್ಲಿ, 1628ರ ಸುಮಾರಿಗೆ ಬರೆದುಕೊಂಡ ಸ್ವಂತ ಮುಖದ ಪುಟ್ಟ ಚಿತ್ರವೊಂದು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿದೆ. ಅವರ ಜಾಲತಾಣದಲ್ಲಿ ಅದನ್ನು ಕುಂಚದ ಗೆರೆಗಳು ಕಾಣುವಷ್ಟು ದೊಡ್ಡದು ಮಾಡಿ ನೋಡಬಹುದು. ಬೆಳಕು ಕತ್ತು, ಕಿವಿಯ ಹಾಲೆ ಮತ್ತು ಒಂದು ಕೆನ್ನೆಯನ್ನಷ್ಟೇ ಮುಟ್ಟಿದೆ, ಕಣ್ಣುಗಳೆರಡೂ ನೆರಳಿನಲ್ಲಿವೆ. ಭಾವಚಿತ್ರವೆಂದರೆ ಕಣ್ಣೇ ಮುಖ್ಯವೆಂದು ನಾವೆಲ್ಲ ತಿಳಿದಿರುವಾಗ ಕಣ್ಣನ್ನೇ ಮರೆಮಾಡಿದ್ದಾನಲ್ಲ ಎಂದು ಮೊದಲು ಅನ್ನಿಸಿತು. ಆಮೇಲೆ ನೋಡುತ್ತ ಕುಳಿತಾಗ ಆ ಕಣ್ಣುಗಳು ನನ್ನನ್ನೇ ನೋಡುತ್ತಿವೆ ಎಂಬುದು ನಿಧಾನವಾಗಿ ಅರಿವಿಗೆ ಬಂತು.

ಇಂಥ ನೆರಳನ್ನು ಆ ಕಾಲದ ಚಿತ್ರಕಾರರು ಯಾವ ಬಣ್ಣದಿಂದ, ಯಾವ ಕ್ರಮದಲ್ಲಿ ಕಟ್ಟುತ್ತಿದ್ದರು? ನಾನು ಬಿಳಿಯ ಕ್ಯಾನ್ವಾಸಿನ ಮೇಲೆ ಮೈಬಣ್ಣಕ್ಕೆ ಐವರಿ ಬ್ಲ್ಯಾಕ್ ಎಂಬ ಕಪ್ಪನ್ನು ಬೆರೆಸಿ ನೆರಳು ಹಚ್ಚುತ್ತಿದ್ದೇನೆ. ಅಜ್ಜಿಗೆ ಹೆಚ್ಚು ಹೊತ್ತು ಒಂದೇ ಕಡೆ ಕೂರಲು ಆಗುವುದಿಲ್ಲವಾದ್ದರಿಂದ ಮೊಬೈಲಿನಲ್ಲಿ ತೆಗೆದ ಫೋಟೋ ಎದುರಿಗಿಟ್ಟುಕೊಂಡು ಬರೆಯುತ್ತೇನೆ. ಚಿತ್ರದಲ್ಲಿರುವುದು ಮುಖ ಮತ್ತು ಹೆಗಲು ಮಾತ್ರ.

ನಿವೃತ್ತ ಚಿತ್ರಕಲಾ ಶಿಕ್ಷಕ, ಹಾಸನ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಅಜ್ಜಿಯ ಮುಖವನ್ನು ನೀವು ಮಾತಿನಲ್ಲಿ ಬರೆದಿರುವ ರೀತಿಯನ್ನು ನೋಡಿದರೆ ನಿಮ್ಮ ಕಣ್ಣು ಸರಿಯಾಗಿಯೇ ಇದೆ. ಕೆಟ್ಟಿರುವುದು ಕೆಲಸದ ಕ್ರಮ. ಹಾಗಾಗಿ ಎದೆಗುಂದಬೇಡಿ.

ಬಿಳಿಯ ಕ್ಯಾನ್ವಾಸಿನಿಂದಲೇ ಆರಂಭಿಸೋಣ. ಹದಿನೇಳನೆಯ ಶತಮಾನದ ಭಾವಚಿತ್ರಕಾರರಲ್ಲಿ ಬಹುಪಾಲು ಜನ ಬಿಳಿಯ ಮೇಲೆ ನೇರವಾಗಿ ಬರೆಯುತ್ತಿರಲಿಲ್ಲ. ಕ್ಯಾನ್ವಾಸಿಗೆ ಮೊದಲು ಕಂದು ಅಥವಾ ಬೂದುಗಂದಿನ ನೆಲಬಣ್ಣವನ್ನು ಹಚ್ಚಿ ಒಣಗಿಸಿಕೊಳ್ಳುತ್ತಿದ್ದರು. ಆ ನೆಲಬಣ್ಣವೇ ಅರ್ಧ ನೆರಳು. ಅದರ ಮೇಲೆ ಕಂದು ಮಣ್ಣಿನ ಬಣ್ಣಗಳಿಂದ ಮುಖದ ಆಕಾರವನ್ನು ತೆಳುವಾಗಿ ಗುರುತು ಮಾಡಿ, ಬೆಳಕು ಬೀಳುವ ಕಡೆಗೆ ಮಾತ್ರ ಸೀಸದ ಬಿಳಿ ಬೆರೆತ ಗಟ್ಟಿ ಬಣ್ಣವನ್ನು ಏರಿಸುತ್ತಿದ್ದರು. ನೆರಳಿನ ಕಡೆ ಎಣ್ಣೆ ಹೆಚ್ಚಾಗಿರುವ ತೆಳುಬಣ್ಣವೇ ಉಳಿಯುತ್ತಿತ್ತು, ಎಷ್ಟೋ ಕಡೆ ಬರಿಯ ನೆಲಬಣ್ಣವೇ ಕಾಣುತ್ತಿತ್ತು. ನಮ್ಮ ಕಣ್ಣಿಗೆ ಬೀಳುವ ಬೆಳಕು ಆ ತೆಳುಪದರವನ್ನು ದಾಟಿ ಒಳಹೋಗಿ, ಕೆಳಗಿನ ಪದರಕ್ಕೆ ತಾಗಿ ಹಿಂದಕ್ಕೆ ಬರುತ್ತದೆ. ಆ ನೆರಳಿಗೆ ಆಳ ಬರುವುದು ಹಾಗೆ. ತಿಳಿನೀರಿನ ಬಾವಿಯೊಳಗೆ ಇಣುಕಿದ ಹಾಗೆ ಅದು. ನೀವು ಮಾಡುತ್ತಿರುವುದು ಇದರ ತಿರುವುಮುರುವು: ಬಿಳಿಯ ಮೇಲೆ ಗಟ್ಟಿಯಾದ ಕಪ್ಪನ್ನು ಮುಚ್ಚುತ್ತಿದ್ದೀರಿ, ಅದು ಬಾವಿಗೆ ಹಲಗೆ ಮುಚ್ಚಿದಂತಾಗುತ್ತದೆ.

ರೆಂಬ್ರಾಂಟನ ಅದೇ ಪುಟ್ಟ ಚಿತ್ರದಲ್ಲಿ ಗುಂಗುರು ಕೂದಲನ್ನು ಗಮನಿಸಿ. ಕೂದಲಿನ ಬಣ್ಣ ಹಸಿಯಾಗಿರುವಾಗಲೇ ಕುಂಚದ ಹಿಡಿಯ ತುದಿಯಿಂದ ಗೀರಿ, ಕೆಳಗಿನ ಬಣ್ಣ ಮೇಲಕ್ಕೆ ಕಾಣುವಂತೆ ಮಾಡಿದ್ದಾನೆ. ಬೆಳಕಿಗೆ ಎದುರಾಗಿ ನಿಂತ ಬಿಡಿಗೂದಲನ್ನು ಬಣ್ಣ ಹಚ್ಚಿ ಬರೆಯುವ ಬದಲು ಬಣ್ಣವನ್ನು ತೆಗೆದು ಬರೆದದ್ದು ಇದು. ಹಿನ್ನೆಲೆಯನ್ನೂ ನೋಡಿ, ಅದು ಕತ್ತಲೆಯಲ್ಲ, ಸುಣ್ಣ ಹಳತಾದ ಗೋಡೆಯಂತೆ ಬೂದು. ನೆರಳಿನಲ್ಲಿರುವ ಮುಖಕ್ಕೆ ತಿಳಿಯಾದ ಗೋಡೆಯನ್ನು ಹಿಂದೆ ಕೊಟ್ಟಿರುವುದರಿಂದಲೇ ಮುಖ ಮುಂದಕ್ಕೆ ಬಂದಿದೆ. ನಿಮ್ಮ ಚಿತ್ರದಲ್ಲಿ ಹಿನ್ನೆಲೆಯೂ ಕಪ್ಪು, ಕೆನ್ನೆಯೂ ಕಪ್ಪು ಆಗಿದ್ದರೆ ಎರಡರ ನಡುವೆ ಗಾಳಿಯಾಡುವುದಕ್ಕೆ ಜಾಗವೇ ಇರುವುದಿಲ್ಲ.

ಮಸಿಯಂತೆ ಕಾಣುವುದಕ್ಕೆ ಇನ್ನೊಂದು ಕಾರಣವೂ ಇರಬಹುದು, ಅದು ಬರಿಯ ಬಣ್ಣದ ಸಾಮಗ್ರಿಗೆ ಸೇರಿದ ಸಂಗತಿ. ಅಂಬರ್ ಎಂಬ ಕಂದು ಮಣ್ಣಿನ ಬಣ್ಣ ಮತ್ತು ಕಪ್ಪು ಬಣ್ಣಗಳಲ್ಲಿರುವ ಎಣ್ಣೆಯನ್ನು ಕೆಳಗಿನ ಪದರ ಹೀರಿಕೊಂಡಾಗ ಮೇಲ್ಮೈಯ ಹೊಳಪು ಹೋಗಿ ಬಣ್ಣ ಬೂದುಬೂದಾಗುತ್ತದೆ. ನಾವು ಅದಕ್ಕೆ ಬಣ್ಣ ಸತ್ತಿದೆ ಎನ್ನುತ್ತೇವೆ. ಚಿತ್ರ ಚೆನ್ನಾಗಿ ಒಣಗಿದ ಮೇಲೆ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ಅದ್ದಿ ನೆರಳಿನ ಭಾಗಕ್ಕೆ ಅತ್ಯಂತ ತೆಳುವಾಗಿ ಸವರಿ, ಉಳಿದದ್ದನ್ನು ಒರೆಸಿ ತೆಗೆಯಿರಿ. ಸತ್ತ ಕಪ್ಪು ಎದ್ದು ಬರುವುದನ್ನು ಆಗಲೇ ಕಾಣಬಹುದು. ಸೀಸದ ಬಿಳಿ ವಿಷಕಾರಿ, ಅದರ ಗೋಜಿಗೆ ಹೋಗಬೇಡಿ. ಟೈಟೇನಿಯಂ ಬಿಳಿಗೆ ಚೂರು ಯೆಲ್ಲೊ ಓಕರ್ ಎಂಬ ಹಳದಿ ಮಣ್ಣಿನ ಬಣ್ಣ ಬೆರೆಸಿದರೆ ಅದರ ತಣ್ಣಗಿನ ಗುಣ ಕಡಿಮೆಯಾಗುತ್ತದೆ.

ಇನ್ನೊಂದು ವಿಷಯ ಹೇಳದಿದ್ದರೆ ನನಗೆ ಸಮಾಧಾನವಾಗದು. ಕೆಲಸದಲ್ಲಿದ್ದಾಗ ಪ್ರತಿವರ್ಷ ಮಕ್ಕಳನ್ನು ಬೇಲೂರಿಗೆ ಕರೆದುಕೊಂಡು ಹೋಗುತ್ತಿದ್ದೆ. ಮಧ್ಯಾಹ್ನದ ಬಿಸಿಲಿನ ಅಂಗಳದಿಂದ ಚೆನ್ನಕೇಶವನ ಗುಡಿಯ ನವರಂಗದೊಳಕ್ಕೆ ಕಾಲಿಟ್ಟ ಕೂಡಲೇ ಮಕ್ಕಳೆಲ್ಲ ಏನೂ ಕಾಣುವುದಿಲ್ಲ ಎನ್ನುತ್ತಿದ್ದರು. ಮಾತಾಡದೆ ಐದು ನಿಮಿಷ ನಿಲ್ಲಿ ಎನ್ನುತ್ತಿದ್ದೆ. ಕಣ್ಣು ಹೊಂದಿಕೊಂಡಂತೆ ಮೊದಲು ಕಂಬಗಳ ಉಂಗುರಗಳ ಮೇಲಿನ ಹೊಳಪು, ಆಮೇಲೆ ಕಂಬದ ದುಂಡು, ಕೊನೆಗೆ ಮೇಲಿನ ಮದನಿಕೆಯರ ಮುಖಗಳು ಒಂದೊಂದಾಗಿ ಹೊರಬರುತ್ತಿದ್ದವು. ಒಳಗೆ ಬಂದ ಕ್ಷಣದಲ್ಲಿ ಕಂಡ ಕಪ್ಪೇ ಬೇರೆ, ಐದು ನಿಮಿಷದ ನಂತರದ ಕಪ್ಪೇ ಬೇರೆ. ರೆಂಬ್ರಾಂಟ್ ಬರೆದಿರುವುದು ಆ ಎರಡನೆಯ ಕಪ್ಪನ್ನು. ನೀವು ಬರೆಯುತ್ತಿರುವುದು ಮೊದಲನೆಯದನ್ನು.

ಫೋಟೋ ಸ್ಟುಡಿಯೋದವರು, ಚಿಕ್ಕಮಗಳೂರು

ಮೇಷ್ಟ್ರ ಕೊನೆಯ ಮಾತಿಗೇ ನನ್ನ ಮಾತನ್ನು ಸೇರಿಸುತ್ತೇನೆ. ಮೇಡಂ, ನಿಮ್ಮ ತೊಂದರೆಯ ಅರ್ಧ ಪಾಲು ಆ ಮೊಬೈಲ್ ಫೋಟೋದಲ್ಲಿಯೇ ಇದೆ ಎಂಬುದು ನನ್ನ ಅನುಭವ. ಕತ್ತಲೆಯ ಕೋಣೆಯಲ್ಲಿ ಮುಖದ ಬೆಳಗಿದ ಭಾಗಕ್ಕೆ ಫೋಕಸ್ ಮಾಡಿ ಒತ್ತಿದರೆ, ಕ್ಯಾಮೆರಾ ಆ ಬೆಳಕು ಸುಟ್ಟುಹೋಗದಂತೆ ಅಳತೆ ಮಾಡಿಕೊಂಡು ನೆರಳನ್ನು ಕಪ್ಪಿಗೆ ತಳ್ಳಿಬಿಡುತ್ತದೆ. ನಮ್ಮ ಕಣ್ಣು ಹಾಗಲ್ಲ. ಅದು ಬೆಳಕಿನಿಂದ ನೆರಳಿಗೆ ಹೊರಳಿದಾಗ ತನ್ನನ್ನು ಹೊಂದಿಸಿಕೊಂಡು ಎರಡನ್ನೂ ಕೂಡಿಸಿ ನೋಡುತ್ತದೆ. ಫೋಟೋ ನೋಡಿಯೇ ಬರೆಯಬೇಕಿದ್ದರೆ ಎರಡು ಫೋಟೋ ತೆಗೆದುಕೊಳ್ಳಿ: ಒಂದು ಬೆಳಕಿನ ಭಾಗಕ್ಕೆ ಹೊಂದಿಸಿದ್ದು, ಇನ್ನೊಂದು ಹಣೆ ಬೆಳ್ಳಗಾಗಿ ಹಾಳಾದರೂ ಚಿಂತೆಯಿಲ್ಲವೆಂದು ನೆರಳಿಗೆ ಹೊಂದಿಸಿದ್ದು. ನೆರಳಿನೊಳಗೆ ಏನೇನಿದೆ ಎಂಬುದನ್ನು ಎರಡನೆಯದು ತೋರಿಸುತ್ತದೆ.

ನಮ್ಮ ಸ್ಟುಡಿಯೋ ಕಸುಬಿನಲ್ಲಿ ಇಂದಿಗೂ ರೆಂಬ್ರಾಂಟ್ ಲೈಟಿಂಗ್ ಎಂಬ ಹೆಸರಿದೆ. ದೀಪವನ್ನು ಮುಖದ ಒಂದು ಪಕ್ಕಕ್ಕೆ, ತಲೆಗಿಂತ ಮೇಲಕ್ಕೆ, ಹೆಚ್ಚುಕಡಿಮೆ 45 ಡಿಗ್ರಿಯಲ್ಲಿ ಇಟ್ಟಾಗ ಮೂಗಿನ ನೆರಳು ಆಚೆ ಕೆನ್ನೆಯ ನೆರಳಿಗೆ ಹೋಗಿ ಸೇರಿಕೊಂಡು, ಕಣ್ಣಿನ ಕೆಳಗೆ ಸಣ್ಣದೊಂದು ಬೆಳಕಿನ ತ್ರಿಕೋನವನ್ನು ಬಿಡುತ್ತದೆ. ಅದು ಕಣ್ಣಿಗಿಂತ ಅಗಲವಾಗಬಾರದು, ಮೂಗಿಗಿಂತ ಉದ್ದವಾಗಬಾರದು ಎಂಬುದು ನಮಗೆ ಹೇಳಿಕೊಟ್ಟ ಲೆಕ್ಕ. ನಿಮ್ಮ ಗಾಜಿನ ಹೆಂಚು ಇದನ್ನು ತಾನಾಗಿಯೇ ಮಾಡುತ್ತಿದೆ. ಆದರೆ ಒಂದಡಿಯ ಹೆಂಚು ಹತ್ತು ಹನ್ನೆರಡು ಅಡಿ ಮೇಲಿರುವಾಗ ಅದು ಚಿಕ್ಕ ಬೆಳಕೇ ಆಗುತ್ತದೆ, ಚಿಕ್ಕ ಬೆಳಕಿನಿಂದ ಬೀಳುವ ನೆರಳಿನ ಅಂಚು ಚೂಪಾಗಿರುತ್ತದೆ. ದೊಡ್ಡ ಕಿಟಕಿಯ ಹತ್ತಿರ ಕೂರಿಸಿದರೆ ಅದೇ ಅಂಚು ಮೆತ್ತಗಾಗುತ್ತದೆ. ಹಾಗಾಗಿ ಮೂಗಿನ ಕೆಳಗೆ ಬೀಳುವ ನೆರಳಿಗೆ ಚೂಪಾದ ಅಂಚು ಕೊಡಿ, ಕೆನ್ನೆ ತಾನೇ ಹೊರಳಿ ಕತ್ತಲೆಗೆ ಹೋಗುವ ಕಡೆ ಅಂಚೇ ಇಲ್ಲದಂತೆ ಬಿಡಿ. ಎರಡಕ್ಕೂ ಒಂದೇ ಬಗೆಯ ಅಂಚು ಕೊಟ್ಟರೆ ಮುಖ ಕಾಗದ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ.

ಇಷ್ಟು ಹೇಳಿ ನಾನೊಂದು ಪ್ರಶ್ನೆ ಕೇಳಬೇಕು. ಅಜ್ಜಿ ಅಕ್ಕಿ ಆರಿಸುತ್ತಾರೆ ಎಂದಿದ್ದೀರಿ, ಚಿತ್ರದಲ್ಲಿ ಮುಖ ಮತ್ತು ಹೆಗಲು ಮಾತ್ರ ಇದೆ ಎಂದೂ ಹೇಳಿದ್ದೀರಿ. ಹಾಗಾದರೆ ಮೊರವನ್ನು ಚಿತ್ರದಿಂದ ಬಿಟ್ಟಿದ್ದೀರಿ. ಮೊರ ತುಂಬ ಬಿಳಿಯ ಅಕ್ಕಿ ಮಡಿಲಲ್ಲಿದ್ದರೆ ಅದು ನಾವು ಬಳಸುವ ಥರ್ಮೋಕೋಲ್ ಹಲಗೆಯ ಕೆಲಸವನ್ನೇ ಮಾಡುತ್ತದೆ: ಮೇಲಿನ ಬೆಳಕನ್ನು ಹಿಡಿದು ಗದ್ದದ ಕೆಳಗೆ, ಮೂಗಿನ ಹೊಳ್ಳೆಯ ಕೆಳಗೆ, ಹುಬ್ಬಿನ ಕುಳಿಗೆ ಎಸೆಯುತ್ತದೆ. ಆ ಮರುಬೆಳಕು ನಿಮ್ಮ ಚಿತ್ರದಲ್ಲಿದೆಯೇ? ನಡುಮನೆಯ ನೆಲ ಯಾವ ಬಣ್ಣದ್ದು?

ಗಾಜಿನ ಹೆಂಚು, ಕೊಪ್ಪ

ನಿಮ್ಮ ಪ್ರಶ್ನೆ ಓದಿ ಚಿತ್ರವನ್ನು ಮತ್ತೆ ಹೊರತೆಗೆದು ನೋಡಿದೆ. ನೀವು ಹೇಳಿದ್ದು ನಿಜ. ಗದ್ದದ ಕೆಳಗೆ ನಾನು ಎಲ್ಲಕ್ಕಿಂತ ದಟ್ಟವಾದ ಕಪ್ಪನ್ನು ಹಾಕಿದ್ದೇನೆ. ಬೆಳಕು ಮೇಲಿನಿಂದ ಬರುವುದರಿಂದ ಕೆಳಗೆ ಕತ್ತಲೆಯೇ ಇರಬೇಕೆಂದು ಲೆಕ್ಕ ಹಾಕಿದ್ದೆನೇ ಹೊರತು ನೋಡಿರಲಿಲ್ಲ. ಇಂದು ಬೆಳಗ್ಗೆ ಹತ್ತಿರ ಕುಳಿತು ನೋಡಿದಾಗ ಗದ್ದದ ಕೆಳಗೆ ತಿಳಿಯಾದ, ಹಾಲಿನಂಥ ಬೆಳಕಿತ್ತು. ಅಜ್ಜಿ ಮೊರವನ್ನು ಕೇರಲು ಎತ್ತಿದಾಗ ಅದು ಹೆಚ್ಚುತ್ತಿತ್ತು, ಇಳಿಸಿದಾಗ ಕಡಿಮೆಯಾಗುತ್ತಿತ್ತು. ನೆಲ ಕೆಂಪು ಗಾರೆಯದು. ಕತ್ತಿನ ಪಕ್ಕದಲ್ಲಿ, ಕಿವಿಯ ಹಿಂದೆ ಒಂದು ಬಗೆಯ ಕೆಂಪು ಛಾಯೆ ಇದ್ದದ್ದನ್ನು ಅಜ್ಜಿಯ ಮೈಬಣ್ಣವೇ ಹಾಗೆಂದು ತಿಳಿದಿದ್ದೆ.

ಮೈಬಣ್ಣದ ಮಾತು ಬಂದದ್ದರಿಂದ ಕೇಳುತ್ತೇನೆ. ನಾನು ನೋಡಿರುವ ಡಚ್ಚರ ಚಿತ್ರಗಳಲ್ಲಿರುವುದೆಲ್ಲ ಬಿಳಿಯ ಮುಖಗಳು. ಅಜ್ಜಿ ಎಣ್ಣೆಗಪ್ಪು. ಅವರ ಮುಖಕ್ಕೆ ಆ ಚಿತ್ರಗಳ ಲೆಕ್ಕ ಹೊಂದುತ್ತದೆಯೇ?

ಮಂಜರಾಬಾದಿನ ಓದುಗಿ, ಸಕಲೇಶಪುರ

ಈ ಪ್ರಶ್ನೆಯನ್ನು ನಾನೂ ಬಹಳ ಕಾಲ ಹೊತ್ತು ತಿರುಗಿದ್ದರಿಂದ ಉತ್ತರಿಸುತ್ತಿದ್ದೇನೆ. ನೀವು ನೋಡಬೇಕಾದ ಚಿತ್ರ ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್‌ನದು. ಆತ 1650ರಲ್ಲಿ ರೋಮ್‌ನಲ್ಲಿದ್ದಾಗ ಹ್ವಾನ್ ದೆ ಪರೇಹಾ ಎಂಬಾತನ ಭಾವಚಿತ್ರವನ್ನು ಬರೆದ. ಅದೀಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಪರೇಹಾ ವೆಲಾಸ್ಕೆಸ್‌ನ ಚಿತ್ರಶಾಲೆಯಲ್ಲಿ ಗುಲಾಮನಾಗಿದ್ದವನು, ಅದೇ ವರ್ಷ ಬಿಡುಗಡೆಯ ಪತ್ರ ಪಡೆದು ಮುಂದೆ ತಾನೂ ಚಿತ್ರಕಾರನಾದವನು. ಕಂದು ಮುಖ, ಕಪ್ಪು ಕೂದಲು, ಬಿಳಿಯ ಕಸೂತಿ ಕೊರಳಪಟ್ಟಿ, ಹಿಂದೆ ಏನೂ ಇಲ್ಲದ ಬೂದುಗಂದು. ಆ ಮುಖದ ಮುಂದೆ ನಿಂತರೆ ಅದು ಮುಖವನ್ನು ಬೆಳಗಿಸಿದ ಚಿತ್ರವೆನ್ನಿಸದೆ, ಮುಖವೇ ಬೆಳಕನ್ನು ಹಿಡಿದುಕೊಂಡ ಚಿತ್ರವೆನ್ನಿಸುತ್ತದೆ.

ಕಂದು ಚರ್ಮಕ್ಕೆ ಬೆಳಕು ಬಿದ್ದಾಗ ನಡೆಯುವುದೇ ಬೇರೆ. ಬಿಳಿಯ ಚರ್ಮದಲ್ಲಿ ಬೆಳಗಿದ ಭಾಗವೆಲ್ಲ ಹರಡಿಕೊಂಡು ಬೆಳ್ಳಗಾಗುತ್ತದೆ. ಕಂದು ಚರ್ಮದಲ್ಲಿ ಹಣೆಯ ಮೇಲೆ, ಮೂಗಿನ ತುದಿಯಲ್ಲಿ, ಕೆನ್ನೆಯ ಮೂಳೆಯ ಮೇಲೆ ಹೊಳಪಿನ ಚುಕ್ಕೆಗಳು ಎದ್ದು ನಿಲ್ಲುತ್ತವೆ, ಆ ಹೊಳಪಿಗೆ ಚರ್ಮದ ಬಣ್ಣಕ್ಕಿಂತ ಆಕಾಶದ ಬಣ್ಣವೇ ಹೆಚ್ಚು. ಮಳೆಗಾಲದ ಮೋಡದ ಬೆಳಕು ಹೆಂಚಿನಿಂದ ಇಳಿಯುತ್ತಿದ್ದರೆ ಅಜ್ಜಿಯ ಹಣೆಯ ಹೊಳಪು ಸ್ವಲ್ಪ ನೀಲಿಬೂದಾಗಿಯೇ ಇರುತ್ತದೆ, ಪರೀಕ್ಷಿಸಿ ನೋಡಿ. ಅದಕ್ಕೆ ಬಿಳಿಯನ್ನು ಮಾತ್ರ ಹಚ್ಚಿದರೆ ಮುಖಕ್ಕೆ ಪೌಡರ್ ಬಳಿದಂತಾಗುತ್ತದೆ. ಮೈಯ ನಿಜವಾದ ಬಣ್ಣ ಸಿಗುವುದು ಹೊಳಪಿಗೂ ನೆರಳಿಗೂ ನಡುವಿನ ಪಟ್ಟಿಯಲ್ಲಿ. ನಿಮ್ಮ ಬಳಿಯಿರುವ ಒಳ್ಳೆಯ ಕೆಂಪು, ಹಳದಿ ಎಲ್ಲವನ್ನೂ ಅಲ್ಲಿಗೆ ಮೀಸಲಿಡಿ.

ಮೇಷ್ಟ್ರ ಮಾತಿಗೆ ಒಂದು ಸಣ್ಣ ತಕರಾರು ಇದೆ, ತಪ್ಪು ತಿಳಿಯಬಾರದು. ಅವರ ಉತ್ತರವನ್ನು ಓದಿದ ಹೊಸಬರು ಕಪ್ಪು ಬಣ್ಣವನ್ನೇ ದೋಷವೆಂದು ತಿಳಿದಾರು. ಮೂಳೆ ಸುಟ್ಟು ಮಾಡಿದ ಕಪ್ಪನ್ನು ರೆಂಬ್ರಾಂಟ್ ಬಳಸಿದ್ದಾನೆ. ಅದೇ ಕಾಲದ ಡಚ್ ಚಿತ್ರಕಾರ ಫ್ರಾನ್ಸ್ ಹಾಲ್ಸ್‌ನ ಚಿತ್ರಗಳಲ್ಲಿನ ವರ್ತಕರ ಉಡುಪೆಲ್ಲ ಕಪ್ಪೇ. ಹಾಲ್ಸ್‌ನಲ್ಲಿ ಇಪ್ಪತ್ತೇಳು ಬಗೆಯ ಕಪ್ಪುಗಳಿವೆ ಎಂದು ವ್ಯಾನ್ ಗೋ 1885ರಲ್ಲಿ ತಮ್ಮನಿಗೆ ಬರೆದ ಪತ್ರದಲ್ಲಿ ಹೇಳಿದ್ದಾನೆ. ಕಪ್ಪನ್ನು ಉಳಿದ ಬಣ್ಣಗಳಂತೆ ಒಂದು ಬಣ್ಣವೆಂದು ಬಳಸಿದರೆ ಅದು ಒಳ್ಳೆಯದೇ. ಬೆಳಕನ್ನು ಕಡಿಮೆ ಮಾಡುವ ಗುಂಡಿಯೆಂದು ತಿಳಿದು ಮೈಬಣ್ಣಕ್ಕೆ ಬೆರೆಸಿದಾಗ ಮಾತ್ರ, ಓಕರಿನ ಹಳದಿಯೊಂದಿಗೆ ಕೂಡಿ ಅದು ಹಸಿರುಗಟ್ಟಿ ಮುಖಕ್ಕೆ ಕಾಯಿಲೆಯ ಕಳೆ ತರುತ್ತದೆ.

ನಿಮಗೆ ದೂರದ ಮ್ಯೂಸಿಯಂಗಳನ್ನು ಹೇಳುತ್ತಿರುವುದರಿಂದ ಹತ್ತಿರದ್ದನ್ನೂ ಹೇಳುತ್ತೇನೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರವಿದೆಯಲ್ಲ, ಹಲವರು ರವಿವರ್ಮನದೆಂದು ತಿಳಿದಿದ್ದರೂ ಅದು ಎಸ್. ಎಲ್. ಹಲ್ದಣಕರ್ ಅವರು 1940ರ ದಶಕದಲ್ಲಿ ಬರೆದದ್ದು, ಅದೂ ಜಲವರ್ಣದಲ್ಲಿ. ಗಾಳಿಗೆ ಅಡ್ಡ ಹಿಡಿದ ಕೈಯ ಬೆರಳುಗಳ ನಡುವೆ ಬೆಳಕು ಕೆಂಪಾಗಿ ಹಾಯುವುದನ್ನು ನೋಡಲು ಜನ ಅಲ್ಲಿ ಸಾಲಾಗಿ ನಿಲ್ಲುತ್ತಾರೆ. ಫ್ರಾನ್ಸಿನ ಚಿತ್ರಕಾರ ಜಾರ್ಜ್ ದ ಲಾ ತೂರ್ ಅದಕ್ಕಿಂತ ಸುಮಾರು ಮುನ್ನೂರು ವರ್ಷ ಮೊದಲೇ ಇದೇ ವಿದ್ಯೆಯನ್ನು ಬಡಗಿ ಸಂತ ಜೋಸೆಫನ ಚಿತ್ರದಲ್ಲಿ ಬಾಲ ಯೇಸುವಿನ ಕೈಗೆ ತಂದಿದ್ದ. ಬೆಳಕು ಮೈಯ ಮೇಲೆ ಬೀಳುವುದಷ್ಟೇ ಅಲ್ಲ, ತೆಳುವಾದ ಕಡೆ ಮೈಯೊಳಗೂ ಹಾಯುತ್ತದೆ. ಅಜ್ಜಿಯ ಕಿವಿಯ ಅಂಚಿನಲ್ಲಿ, ಮೂಗಿನ ಹೊಳ್ಳೆಯಲ್ಲಿ ಹಾಗೇನಾದರೂ ಕಂಡರೆ ಬಿಡಬೇಡಿ.

ನಿವೃತ್ತ ಚಿತ್ರಕಲಾ ಶಿಕ್ಷಕ, ಹಾಸನ

ತಕರಾರನ್ನು ಒಪ್ಪಿದೆ, ಕಪ್ಪಿನ ಬಗ್ಗೆ ನಾನು ಇನ್ನಷ್ಟು ಬಿಡಿಸಿ ಬರೆಯಬೇಕಿತ್ತು. ಅದಕ್ಕೆ ಸೇರಿಸುವುದಾದರೆ, ಮ್ಯೂಸಿಯಂಗಳಲ್ಲಿ ಇಂದು ಕಾಣುವ ಕತ್ತಲೆಯೆಲ್ಲವೂ ಚಿತ್ರಕಾರನದಲ್ಲ ಎಂಬುದನ್ನೂ ನೆನಪಿಡಬೇಕು. ರೆಂಬ್ರಾಂಟ್ 1642ರಲ್ಲಿ ಮುಗಿಸಿದ ಕಾವಲು ಪಡೆಯ ದೊಡ್ಡ ಚಿತ್ರಕ್ಕೆ ರಾತ್ರಿಯ ಪಹರೆ ಎಂಬ ಹೆಸರು ಬಂದದ್ದು ಬಹಳ ತಡವಾಗಿ, ವಾರ್ನಿಶ್ ಮತ್ತು ಕೊಳೆ ಸೇರಿ ಅದು ಕಪ್ಪಾದ ಮೇಲೆ. ಎರಡನೆಯ ಮಹಾಯುದ್ಧದ ನಂತರ ಸ್ವಚ್ಛಗೊಳಿಸಿದಾಗ ಅದು ಹಗಲಿನ ದೃಶ್ಯವೆಂಬುದು ಸ್ಪಷ್ಟವಾಯಿತು. ಹಳೆಯ ಪುಸ್ತಕಗಳ ಮುದ್ರಣ ನೋಡಿ ಕಲಿತ ನಮ್ಮ ತಲೆಮಾರು ವಾರ್ನಿಶನ್ನೂ ರೆಂಬ್ರಾಂಟನ ಶೈಲಿಯೆಂದೇ ನಂಬಿ ನಕಲು ಮಾಡಿದೆವು.

ಅದೇ ರೆಂಬ್ರಾಂಟ್ 1650ರ ದಶಕದ ನಡುವಿನಿಂದ ಕೆಲವು ವರ್ಷಗಳ ಅವಧಿಯಲ್ಲಿ ಮೊಘಲ್ ಕಿರುಚಿತ್ರಗಳನ್ನು ಎದುರಿಗಿಟ್ಟುಕೊಂಡು ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರಗಳನ್ನು ಬರೆದಿದ್ದಾನೆ. ಜಹಾಂಗೀರ್, ಷಹಜಹಾನ್ ಅವುಗಳಲ್ಲಿದ್ದಾರೆ. ನೆಲಕ್ಕೆ ಬೀಳುವ ನೆರಳೇ ಇಲ್ಲದ ನಮ್ಮ ಚಿತ್ರಗಳನ್ನು ಆತ ಅಷ್ಟು ಶ್ರದ್ಧೆಯಿಂದ ಕುಳಿತು ನೋಡಿದ್ದ ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಗಾಜಿನ ಹೆಂಚು, ಕೊಪ್ಪ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಹಳೆಯ ಕ್ಯಾನ್ವಾಸನ್ನು ಬದಿಗಿಟ್ಟು, ಹೊಸದಕ್ಕೆ ರಾ ಅಂಬರ್ ಮತ್ತು ಬಿಳಿಯನ್ನು ಬೆರೆಸಿ ನೆಲಬಣ್ಣ ಹಚ್ಚಿ ಒಣಗಲು ಬಿಟ್ಟೆ. ಈ ಸಲ ಫೋಟೋವನ್ನು ಗುರುತಿಗಷ್ಟೇ ಇಟ್ಟುಕೊಂಡು, ದಿನಕ್ಕೆ ಅರ್ಧ ಗಂಟೆಯಂತೆ ಅಜ್ಜಿಯ ಎದುರಿಗೇ ಕುಳಿತು ಬರೆದೆ. ಮೊದಲ ದಿನ ಬೆಳಕಿಗೆ ಅಡ್ಡವಾಗಿ ಕುಳಿತುಬಿಟ್ಟಿದ್ದೆ; ಅಕ್ಕಿಯಲ್ಲಿ ಕಲ್ಲು ಕಾಣುತ್ತಿಲ್ಲ, ಅತ್ತ ಸರಿ ಎಂದು ಅಜ್ಜಿಯೇ ಎಬ್ಬಿಸಿದರು.

ಚಿತ್ರದ ಕೆಳ ಅಂಚಿಗೆ ಮೊರವನ್ನು ತಂದಿದ್ದೇನೆ. ಮೊರದ ಅಕ್ಕಿಗೆ ಗಟ್ಟಿಬಣ್ಣ, ಗದ್ದದ ಕೆಳಗೆ ಅದರ ಮರುಬೆಳಕಿಗೆ ತೆಳುಬಣ್ಣ. ಮರುಬೆಳಕನ್ನು ಮೊದಲು ಹೆಚ್ಚು ಬೆಳ್ಳಗೆ ಮಾಡಿ, ನೆರಳಿನೊಳಗಿನದು ಬೆಳಕಿನ ಭಾಗಕ್ಕಿಂತ ಮೇಲೇರಬಾರದೆಂದು ಅರಿವಾಗಿ ಒರೆಸಿ ತಗ್ಗಿಸಿದೆ. ಕತ್ತಿನ ಪಕ್ಕಕ್ಕೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣವನ್ನು ಎಣ್ಣೆಯಲ್ಲಿ ತೆಳುಮಾಡಿ ಒಂದೇ ಸಲ ಸವರಿದಾಗ ಗಾರೆ ನೆಲದ ಕೆಂಪು ಅಲ್ಲಿ ಬಂದು ಕುಳಿತಿತು. ನೆರಳಿನ ಕಡೆಯ ಕಣ್ಣಿಗೆ ನಾನು ಏನನ್ನೂ ಬರೆಯಲಿಲ್ಲ. ರೆಪ್ಪೆಯ ಕೆಳಗೆ ಒಂದು ಗೆರೆ, ನೆಲಬಣ್ಣಕ್ಕಿಂತ ಚೂರು ತಿಳಿಯಾದ ಒಂದು ಚುಕ್ಕೆ, ಅಷ್ಟೇ. ನಿನ್ನೆ ಸಂಜೆ ಅಮ್ಮ ಬಂದು ಸ್ವಲ್ಪ ಹೊತ್ತು ನಿಂತು ನೋಡಿ, ಅಕ್ಕಿ ನೋಡುತ್ತಿದ್ದಾರೆ ಎಂದರು.

ಕಿವಿ ಇನ್ನೂ ಬಾಕಿ ಇದೆ. ಬೆಂಡೋಲೆಯ ಭಾರಕ್ಕೆ ಜೋತುಬಿದ್ದ ಹಾಲೆಯ ಅಂಚಿನಲ್ಲಿ, ಮೋಡ ಸರಿದು ಬಿಸಿಲು ಹೆಂಚಿಗೆ ಬಿದ್ದ ಹೊತ್ತಿನಲ್ಲಿ ಮಾತ್ರ, ಸಕಲೇಶಪುರದವರು ಹೇಳಿದ ಆ ಕೆಂಪು ಕಾಣುತ್ತದೆ. ಈ ವಾರವೆಲ್ಲ ಮಳೆ ಹಿಡಿದಿರುವುದರಿಂದ ಬಿಸಿಲಿಗಾಗಿ ಕಾಯುತ್ತಿದ್ದೇನೆ.